ಪರದೇಶದಲ್ಲಿ ಬೀಗರ ಮನೆ

ಆಳಂದ ತಾಲೂಕಿನ ನಮ್ಮ ವಾಚಕ ಸಹೋದರಿಯೊಬ್ಬರು ಹೋದ ತಿಂಗಳು ನಮಗೊಂದು ದೀರ್ಘ ಪತ್ರವನ್ನು ಬರೆದಿರುವರು. ಅವರ ಮಗಳು ಅಮೇರಿಕೆಯ ನ್ಯೂಜೆರ್ಸಿ ಪ್ರಾಂತದಲ್ಲಿ ಗಂಡನೊಡನೆ ಇರುವಳಂತೆ. ಅಳಿಯನ ತಂದೆತಾಯಿಗಳೂ ಸದ್ಯಕ್ಕೆ ಅಲ್ಲಿಯೇ ಇರುವರಂತೆ. ತಾವೂ ಪತಿಯೊಡನೆ ಮೂರು ತಿಂಗಳ ಮಟ್ಟಿಗೆ ಹೊರಟಿರುವುದರಿಂದ, ಬೀಗರು ಇರುವ ಮನೆಯಲ್ಲಿ ಅಷ್ಟು ದಿನ ಇರುವುದು ಉಚಿತವೇ, ಅಲ್ಲಿ ನೋಡತಕ್ಕ ಸ್ಥಳಗಳು ಯಾವುವು, ಇಲ್ಲಿಂದ ಏನನ್ನು ಒಯ್ಯಬೇಕು ಎಂದು ಮೂರು ಪ್ರಶ್ನೆಗಳನ್ನು ಕೇಳಿರುವರು. ನೋಡತಕ್ಕ ಸ್ಥಳಗಳ ಯಾದಿಯನ್ನು ಅಳಿಯಂದಿರು ಮೊದಲೇ ಸಿದ್ಧಪಡಿಸಿ ಇಟ್ಟಿರುತ್ತಾರೆ. ಆ ವಿಷಯದಲ್ಲಿ ನಮ್ಮ ಮಾತಿನ ಅವಶ್ಯಕತೆಯಿಲ್ಲ. ಆದರೆ ಆ ಯಾದಿಯ ವಿಷಯವಾಗಿಯೇ ಬೇರೊಂದು ಮಾತನ್ನು ಹೇಳುವುದಿದೆ.

ಬೀಗರ ಮನೆಯು ಪರರಾಜ್ಯದಲ್ಲಿರುವುದು ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳವರಿಗೆ ಹೊಸತಲ್ಲ. 1948ರ ಸಪ್ಟಂಬರದ ವರೆಗೆ ಈ ಮೂರೂ ತಾಲೂಕುಗಳು ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದವು. ಅಫಜಲಪುರದವರಿಗೆ ಭೀಮೆಯ ಆಚೆಯ ದಡವೇ ಪರರಾಜ್ಯ. ಜೇವರ್ಗಿಯವರಿಗೆ ನಡುವೆ ನದಿಯೂ ಇಲ್ಲ, ಹೊಲದ ಬದುವಿನಾಚೆಗೆ ಸಿಂದಗಿಯ ಸೀಮೆ. ಇಂಡಿ ಸಿಂದಗಿಗಳು ಇಂಗ್ಲಿಷರ ಮುಂಬಯಿ ಇಲಾಖೆಗೆ ಸೇರಿದ್ದರೆ, ಆಳಂದದ ಪಡುವಣಕ್ಕಿರುವ ಅಕ್ಕಲಕೋಟೆಯದು ಬೇರೆಯೇ ಸಂಸ್ಥಾನ. ಆಚೆಯವರು ಈಚೆಯ ಸೀಮೆಯನ್ನು ಮೊಗಲಾಯಿಯೆಂದು ಕರೆಯುತ್ತಿದ್ದರು. ಗಡಿಯಲ್ಲಿ ಕರೋಡಗಿರಿಯ ನಾಕೆ ಇರುತ್ತಿತ್ತು. ಮಗಳಿಗೆಂದು ಕಟ್ಟಿಕೊಂಡ ಗಂಟನ್ನು ಅಲ್ಲಿ ಬಿಚ್ಚಿ ತೋರಿಸಬೇಕಾಗುತ್ತಿತ್ತು. ಹಣವೂ ಬೇರೆ. ಈಚೆಗೆ ಹಾಲಿ ಸಿಕ್ಕಾ, ಆಚೆಗೆ ಕಲ್ದಾರ. ಏಳು ಹಾಲಿ ರೂಪಾಯಿಗಳಿಗೆ ಆರು ಕಲ್ದಾರಗಳು ಸಮವೆಂಬ ಲೆಕ್ಕ. ಮದುವೆಯಲ್ಲಿ ಬೀಗರು ಹಾಕಿದ ಆಯೇರಿಯ ರೂಪಾಯಿಯು ಯಾವ ಟಂಕಸಾಲೆಯದೆಂದು ತಿರುವಿ ನೋಡಬೇಕಾಗಿತ್ತೆಂದು ನಮ್ಮ ಹಿರಿಯರು ನಗೆಯಾಡುತ್ತಿದ್ದರು. 1947-48ರ ರಜಾಕಾರರ ಹಾವಳಿಯಲ್ಲಿ ಹೆಂಗಸರು ಮಕ್ಕಳನ್ನು ಕರೆದುಕೊಂಡು ಗಡಿ ದಾಟಿದ ಎಷ್ಟೋ ಕುಟುಂಬಗಳಿಗೆ ಅದೇ ಬೀಗರ ಪಡಸಾಲೆಯು ಆಶ್ರಯವಾಯಿತು. ಆಗ ಯಾರೂ ದಿನ ಎಣಿಸಲಿಲ್ಲ. 1956ರಲ್ಲಿ ಭೀಮೆಯ ಎರಡೂ ದಡಗಳು ಒಂದೇ ರಾಜ್ಯಕ್ಕೆ ಸೇರಿದವು. ಅಕ್ಕಲಕೋಟೆ ಮಾತ್ರ ಆಚೆಗೇ ಉಳಿಯಿತಾದ್ದರಿಂದ ಆಳಂದದವರಲ್ಲಿ ಅನೇಕರಿಗೆ ಇಂದಿಗೂ ಬೀಗರ ಮನೆ ಪರಪ್ರಾಂತದಲ್ಲಿಯೇ ಇದೆ.

ಆ ಕಾಲದ ತಾಯಂದಿರು ಮಗಳನ್ನು ನೋಡುತ್ತಿದ್ದ ಬಗೆಯನ್ನು ಇಲ್ಲಿ ನೆನೆಯತಕ್ಕದ್ದು. ಮಗಳಿಗೆ ಸಂತಾನವಾಗುವ ತನಕ ತಂದೆಯು ಅವಳ ಮನೆಯಲ್ಲಿ ಉಣ್ಣಬಾರದೆಂಬ ವಿಧಿಯು ಹಳೆಯ ನಿಬಂಧಗ್ರಂಥಗಳಲ್ಲಿದೆ. ಗ್ರಂಥವನ್ನು ಕಾಣದ ಮನೆತನಗಳಲ್ಲಿಯೂ ಅದು ರೂಢಿಯಾಗಿ ಉಳಿದಿತ್ತು. ಕಾರಣವಿಲ್ಲದೆ ಬೀಗರ ಬಾಗಿಲಿಗೆ ಹೋಗುವುದು ಮರ್ಯಾದೆಯಲ್ಲ. ಆದಕಾರಣ ತಾಯಿಯು ದೇವರನ್ನು ಮುಂದೆ ಮಾಡುತ್ತಿದ್ದಳು. ಮಾರ್ಗಶಿರದ ಹುಣ್ಣಿಮೆಯ ದತ್ತಜಯಂತಿಗೆಂದು ಅವಳು ಗಾಣಗಾಪುರಕ್ಕೆ ಹೊರಡುವಳು. ಆಚೆಯ ದಡದಿಂದ ಮಗಳು ಅತ್ತೆಯೊಡನೆ ಅಲ್ಲಿಗೇ ಬರುವಳು. ಭೀಮಾ ಅಮರ್ಜಾ ನದಿಗಳ ಸಂಗಮದಲ್ಲಿ ಸ್ನಾನವಾದ ಮೇಲೆ, ಸೀರೆ ಹಿಂಡುವ ನೆವದಿಂದ ತಾಯಿ ಮಗಳಿಬ್ಬರೂ ಒಂದು ತಾಸು ದಡದ ಕಲ್ಲಿನ ಮೇಲೆ ಕುಳಿತಿರುವರು. ಘತ್ತರಗಿಯ ಭಾಗ್ಯವಂತಿಯ ಸನ್ನಿಧಿಯೂ ಇಂಥ ಎಷ್ಟೋ ಭೆಟ್ಟಿಗಳನ್ನು ಕಂಡಿದೆ. ಅತ್ತೆಯ ಮನೆಯೂ ಅಲ್ಲದ, ತವರೂ ಅಲ್ಲದ ಆ ನೀರಿನ ದಡದಲ್ಲಿ ಮಗಳು ಆಡಿದ ಮಾತು ನಿಜವಾದ ಮಾತು. ಕ್ಷೇತ್ರದರ್ಶನವು ನೆವ, ಮಗಳ ಮುಖದರ್ಶನವು ಫಲ.

ಈಗಿನ ಪರದೇಶಯಾತ್ರೆಯಲ್ಲಿ ಇದು ತಲೆಕೆಳಗಾಗಿದೆ. ಹೋಗುವುದು ಮಗಳ ಮನೆಗೆಂದೇ. ಹೋದ ಮೇಲೆ ಮಾತ್ರ ಸ್ಥಳದರ್ಶನವು ತಾಯಿ ಮಗಳ ನಡುವೆ ಬಂದು ನಿಲ್ಲುತ್ತದೆ. ನಮಗೆ ಪರಿಚಿತರಾದ ಅಫಜಲಪುರ ತಾಲೂಕಿನ ದಂಪತಿಗಳ ವೃತ್ತಾಂತವೇ ಇದಕ್ಕೆ ಸಾಕು. ಅವರ ಬೀಗರು ಜೇವರ್ಗಿ ಕಡೆಯವರು. ಹೀಗೆ ಭೀಮೆಯ ಎರಡು ದಡಗಳ ಬೀಗತಿಯರು ನ್ಯೂಜೆರ್ಸಿಯ ಒಂದು ಮನೆಯಲ್ಲಿ ಕೂಡಿದರು. ಅಳಿಯನು ಸಜ್ಜನ, ವಿನಯಶಾಲಿ. ವಾರಕ್ಕೆರಡು ದಿನ ರಜೆ ಬಂದೊಡನೆ ಎಲ್ಲರನ್ನೂ ಮೋಟಾರಿನಲ್ಲಿ ಕುಳ್ಳಿರಿಸಿ ಹೊರಡುವನು. ನಯಾಗರಾ ಜಲಪಾತಕ್ಕೆ ಆರೇಳು ತಾಸಿನ ಹಾದಿ. ಕುದುರೆಯ ಲಾಳದಂತೆ ಬಾಗಿ ಸುಮಾರು 57 ಮೀಟರು ಧುಮುಕುವ ಆ ನೀರನ್ನು ನೋಡಿ ಬೆರಗಾಗದವರಿಲ್ಲ. ಆದರೂ ಎತ್ತರದಲ್ಲಿಯೂ ಆಕಾರದಲ್ಲಿಯೂ ನಮ್ಮ ಗೋಕಾವಿಯ ಜಲಪಾತವು ಅದಕ್ಕೆ ತೀರ ದೂರದ್ದಲ್ಲ, ಅದು ಸುಮಾರು 52 ಮೀಟರು ಇದೆಯೆಂಬುದನ್ನು ನಮ್ಮವರು ಮರೆಯಬಾರದು. ಯಜಮಾನರು ಕಟಾಂಜನವನ್ನು ಹಿಡಿದು ನಿಂತು, ಆಚೆಯ ದಡ ಯಾರ ಸರಕಾರದ್ದೆಂದು ಕೇಳಿದರಂತೆ. ಅದು ಕೆನಡಾ ದೇಶ, ಸೇತುವೆ ದಾಟಲು ಬೇರೆ ವೀಸಾ ಬೇಕೆಂದು ಅಳಿಯನು ಹೇಳಿದನು. "ಹಂಗಾದ್ರ ಇದೂ ನಮ್ಮ ಭೀಮಿ ಇದ್ದಂಗೇ ಆತು ಬಿಡ್ರಿ" ಎಂದರಂತೆ ಯಜಮಾನರು.

ಮೂರು ವಾರಗಳು ಹೀಗೆ ಕಳೆದವು. ಭಾವಚಿತ್ರಗಳು ನೂರಾರು ಕೂಡಿದವು. ಮಗಳೊಡನೆ ಒಂದು ಗಳಿಗೆ ಒಂಟಿಯಾಗಿ ಕುಳಿತುದಿಲ್ಲ. ನಾಲ್ಕನೆಯ ವಾರ ವಾಷಿಂಗ್ಟನ್ ಪಟ್ಟಣಕ್ಕೆ ಹೊರಡುವುದೆಂದಾಗ ತಾಯಿಯು ಮೊಣಕಾಲು ನೋಯುತ್ತದೆಂದಳು. ತಾಯಿಯ ಆರೈಕೆಗೆ ಮಗಳು ಉಳಿದಳು, ಉಳಿದವರು ಹೋದರು. ಆ ಮೊಣಕಾಲಿಗೆ ಏನೂ ಆಗಿರಲಿಲ್ಲವೆಂದು ಆ ತಾಯಿಯೇ ನಮ್ಮ ಮನೆಯವರ ಮುಂದೆ ಹೇಳಿ ನಕ್ಕಳು.

ಅಂದು ತಿಳಿದುದಿಷ್ಟು. ಮಗಳು ಕಲಬುರಗಿಯಲ್ಲಿ ಇಂಜಿನಿಯರಿಂಗ ಕಲಿತು, ಬೆಂಗಳೂರಲ್ಲಿ ಎರಡು ವರ್ಷ ಸಂಬಳ ಎಣಿಸಿಕೊಂಡವಳು. ಪತಿಯು ಉದ್ಯೋಗದ ಎಚ್-1ಬಿ ವೀಸಾದ ಮೇಲಿರುವಾಗ ಪತ್ನಿಗೆ ದೊರೆಯುವುದು ಎಚ್-4 ಎಂಬ ಅವಲಂಬಿತರ ವೀಸಾ. ಅದರ ಮೇಲೆ ಅಲ್ಲಿ ವಾಸಿಸಬಹುದು, ಓದಬಹುದು. ಸಂಬಳದ ಕೆಲಸ ಮಾತ್ರ ಮಾಡಲಾಗದು. ಪತಿಯ ಶಾಶ್ವತ ನಿವಾಸದ ಅರ್ಜಿಯು ಒಂದು ಹಂತವನ್ನು ದಾಟಿದ್ದರೆ ಪತ್ನಿಯು ಕೆಲಸದ ಅನುಮತಿಯನ್ನು ಬೇಡಬಹುದೆಂಬ ನಿಯಮವು 2015ರ ಮೇ ತಿಂಗಳಿನಿಂದ ಬಂದಿದೆ. ಇವರ ಅರ್ಜಿಯು ಆ ಹಂತಕ್ಕೆ ಇನ್ನೂ ಬಂದಿರಲಿಲ್ಲ. ಮೂರು ವರ್ಷಗಳಿಂದ ಆಕೆಯು ಬೆಳಗಿನಿಂದ ಸಂಜೆಯ ತನಕ ಕಿಟಕಿಯ ಬಳಿ. ಇಲ್ಲಿ ನಮ್ಮ ಓಣಿಯಲ್ಲಿ ಕಟ್ಟೆಗೆ ಬಂದರೆ ನಾಲ್ವರು ಮಾತನಾಡಿಸುತ್ತಾರೆ; ಅಲ್ಲಿ ಮೋಟಾರಿಲ್ಲದೆ ಅಂಗಡಿಗೂ ಹೋಗುವಂತಿಲ್ಲ. ಬೇಸಗೆಯಲ್ಲಿ ಅಲ್ಲಿಯ ಗಡಿಯಾರವು ನಮ್ಮದಕ್ಕಿಂತ ಒಂಬತ್ತೂವರೆ ತಾಸು ಹಿಂದೆ; ಅಲ್ಲಿಯ ಬೇಸರದ ಮಧ್ಯಾಹ್ನದಲ್ಲಿ ತವರೂರು ನಿದ್ರಿಸುತ್ತಿರುತ್ತದೆ. ಯಾರೂ ಅವಳನ್ನು ಬೈದವರಲ್ಲ, ಕಾಡಿದವರಲ್ಲ. ದೂರವಾಣಿಯಲ್ಲಿ "ಆರಾಮ ಇದ್ದೀನಿ ಯವ್ವಾ" ಎಂದು ಮೂರು ವರ್ಷ ಹೇಳಿದವಳು ಅಂದು ರೊಟ್ಟಿಯ ಹಿಟ್ಟು ನಾದುತ್ತ ಅತ್ತುಬಿಟ್ಟಳು.

ಇಲ್ಲಿ ಶಾಕುಂತಲದ ಐದನೆಯ ಅಂಕವು ನಮಗೆ ನೆನಪಾಗುವುದು. ಕಣ್ವರು ತಾವು ಹೋಗದೆ, ಮಗಳೊಡನೆ ಇಬ್ಬರು ಶಿಷ್ಯರನ್ನೂ ಗೌತಮಿಯನ್ನೂ ಹಸ್ತಿನಾವತಿಗೆ ಕಳುಹಿದರು. ಪತಿಯು ಗುರುತಿಸದೆ ಹೋದಾಗ ಶಿಷ್ಯರು ಧರ್ಮವನ್ನಾಡಿ ಅವಳನ್ನು ಅಲ್ಲಿಯೇ ಬಿಟ್ಟು ಹೊರಟರು. ಅಳುತ್ತ ಬೆನ್ನು ಹತ್ತಿದ ಶಕುಂತಲೆಯನ್ನು ತಿರುಗಿ ನೋಡಿ ಶಿಷ್ಯರನ್ನು ತಡೆದವಳು ಗೌತಮಿ. ಈ ಪಾಠವನ್ನು ಹೇಳುವಾಗ ಹುಡುಗರು ಶಾರ್ಙ್ಗರವನ ಮಾತುಗಳನ್ನೇ ಬಾಯಿಪಾಠ ಮಾಡುತ್ತಿದ್ದರು; ಪರೀಕ್ಷೆಗೆ ಬರುವುದು ಅವೇ ಆದ್ದರಿಂದ ಅವರದೇನೂ ತಪ್ಪಿಲ್ಲ.

ಮುಂದೆ ಆ ತಾಯಿಯು ನಡೆದುಕೊಂಡ ರೀತಿಯನ್ನು ನಾವು ತುಂಬ ಮೆಚ್ಚಿದೆವು. ಅಳಿಯನ ಹತ್ತಿರ ಹೋಗಲಿಲ್ಲ. ಹೋಗಿದ್ದರೆ ಅವನಿಗೆ ದೂರಿನಂತೆ ಕೇಳಿಸುತ್ತಿತ್ತು. ಯಜಮಾನರಿಗೂ ಕೂಡಲೆ ಹೇಳಲಿಲ್ಲ. ಅವರು ಅದೇ ದಿನ ಮಗಳನ್ನು ಕರೆದುಕೊಂಡು ಹೊರಡುವ ಸ್ವಭಾವದವರು. ಬೀಗತಿಯ ಜೊತೆ ಕಾಯಿಪಲ್ಯ ಹೆಚ್ಚುತ್ತ ಕುಳಿತಾಗ "ಅಕ್ಕಾರ, ನಿಮ್ಮ ಸೊಸಿಗಿ ಭಾಳ ಬ್ಯಾಸರ ಆಗ್ಯಾದ್ರಿ" ಎಂದಷ್ಟೇ ಹೇಳಿದಳು. ಅದಕ್ಕೆ ಬೀಗತಿಯು, "ನನಗೂ ಕಾಣ್ತದ್ರಿ. ನಾ ಕೇಳಿದ್ರ ಅತ್ತಿ ಕೇಳ್ದಂಗ ಆಗ್ತದಂತ ಸುಮ್ಮನಿದ್ದೆ" ಎಂದಳಂತೆ. ಇಬ್ಬರೂ ಕೂಡಿ ಆಡಿದ ಮಾತು ಮಗನಿಗೆ ಮುಟ್ಟಿತು. ಈಗ ಆಕೆಯು ಹತ್ತಿರದ ಕಾಲೇಜೊಂದಕ್ಕೆ ಓದಲು ಹೋಗುತ್ತಿರುವಳು; ರವಿವಾರ ಕನ್ನಡಿಗರ ಮಕ್ಕಳಿಗೆ ವೇತನವಿಲ್ಲದೆ ಅಕ್ಷರ ಕಲಿಸುತ್ತಿರುವಳು. ಕೆಲಸದ ಅನುಮತಿಯು ಇಂದಿಗೂ ಬಂದಿಲ್ಲ. ಯಾವಾಗ ಬಂದೀತೋ ಅವಳ ಗಂಡನಿಗೂ ಗೊತ್ತಿಲ್ಲ.

ಇನ್ನು ಸಹೋದರಿಯವರ ಪ್ರಶ್ನೆಗಳು. ಒಂದು ರಾತ್ರಿ ತಂಗುವವನೇ ಅತಿಥಿಯೆಂದು ಮನುಸ್ಮೃತಿಯ ನಿರ್ವಚನ. ಮೂರು ತಿಂಗಳು ಇರುವವರು ಅತಿಥಿಗಳಾಗಿ ಇರಲಾರರು. ಆದ್ದರಿಂದ ಬೀಗರಿರುವ ಮನೆಯೆಂದು ಸಂಕೋಚಪಡುವುದನ್ನು ಬಿಟ್ಟು ಮೊದಲನೆಯ ವಾರದಲ್ಲಿಯೇ ಕೆಲಸವನ್ನು ಹಂಚಿಕೊಳ್ಳಿರಿ. ಒಲೆ ಒಂದು, ಕೈಗಳು ಮೂರು ಜೋಡಿ. ಬೆಳಗಿನ ಅಡಿಗೆ ಬೀಗತಿಯರದಾದರೆ ಸಂಜೆಯದು ನಿಮ್ಮದಾಗಲಿ, ಮತ್ತು ಇಬ್ಬರೂ ಸೇರಿ ವಾರಕ್ಕೊಂದು ದಿನ ಮಗಳಿಗೆ ಅಡಿಗೆಮನೆಯಿಂದ ರಜೆ ಕೊಡಿರಿ. ಯಾದಿಯಲ್ಲಿಯ ಸ್ಥಳಗಳಲ್ಲಿ ಒಂದನ್ನು ಬಿಟ್ಟುಬಿಡಿರಿ. ಯಾವುದನ್ನೆಂಬುದು ನಿಮಗೆ ಸೇರಿದ್ದು. ಅಲ್ಲಿಯ ಆಸ್ಪತ್ರೆಯ ಖರ್ಚು ನಮ್ಮ ಊಹೆಗೆ ಮೀರಿದ್ದಾದ್ದರಿಂದ ಪ್ರವಾಸದ ವಿಮೆಯನ್ನು ಇಲ್ಲಿಯೇ ಮಾಡಿಸಿಕೊಳ್ಳಿರಿ.

ಒಯ್ಯುವುದಕ್ಕೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಉತ್ತಮ, ಹಾದಿಯಲ್ಲಿ ಕೆಡುವುದಿಲ್ಲ. ತಿನಿಸು ಏನೇ ಇರಲಿ, ವಿಮಾನ ಇಳಿದಾಗ ಕೊಡುವ ಹೇಳಿಕೆಯಲ್ಲಿ ಮುಚ್ಚಿಡದೆ ತಿಳಿಸಿರಿ. ಕರೋಡಗಿರಿಯ ನಾಕೆಯು ಅಲ್ಲಿಯೂ ಇದೆ, ಗಂಟು ಬಿಚ್ಚಿಸುತ್ತಾರೆ. ಮಗಳ ಉಡಿ ತುಂಬಲು ಕುಪ್ಪಸದ ಖಣವನ್ನು ಅವಶ್ಯವಾಗಿ ಒಯ್ಯಿರಿ, ಬೀಗತಿಯರಿಗೂ ಒಂದು. ಆದರೆ ಉಡಿಯ ಅಕ್ಕಿಯನ್ನು ಇಲ್ಲಿಂದ ಒಯ್ಯಬೇಡಿರಿ. ಧಾನ್ಯವನ್ನು ತಿನ್ನುವ ಒಂದು ಕೀಟದ ಭಯದಿಂದ ನಮ್ಮ ದೇಶದ ಅಕ್ಕಿಯನ್ನು ಪ್ರವಾಸಿಗರ ಗಂಟಿನಲ್ಲಿ ಅವರು ಬಿಡುವುದಿಲ್ಲ. ಅಕ್ಕಿಯೂ ತೆಂಗಿನಕಾಯಿಯೂ ಅಲ್ಲಿಯ ನಮ್ಮವರ ಅಂಗಡಿಗಳಲ್ಲಿಯೇ ಸಿಗುತ್ತವೆ.