ಹ್ಯಾಂಡಲ್ ಏರಿತು, ಕೇಬಲ್ ಏರಿತೇ?

ಮೈಸೂರಿನ ಗ್ಯಾರೇಜುಗಳಲ್ಲಿ ಈಗ ಹ್ಯಾಂಡಲ್ ಸುಗ್ಗಿ. ಹೊಸ ಬೈಕು ಮನೆಗೆ ಬಂದು, ಚಕ್ರದ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾಗಿ ಇನ್ನೂ ವಾರ ಕಳೆದಿರುವುದಿಲ್ಲ, ಕಂಪನಿ ಕೂರಿಸಿ ಕೊಟ್ಟ ಹ್ಯಾಂಡಲ್ ಬಿಚ್ಚಿ ಅಟ್ಟ ಸೇರುತ್ತದೆ. ಅದರ ಜಾಗಕ್ಕೆ ಎತ್ತರದ್ದು ಇನ್ನೊಂದು ಬರುತ್ತದೆ. ಸವಾರ ಎರಡೂ ಕೈ ಮೇಲೆತ್ತಿಕೊಂಡು, ಪೊಲೀಸರಿಗೆ ಶರಣಾದ ಕಳ್ಳನ ಹಾಗೆ, ದೇವರಾಜ ಅರಸ್ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರುತ್ತಾನೆ. ನೋಡಿದ ನಾಲ್ಕು ಮಂದಿ "ಏನ್ ಗುರು, ಸಖತ್ತಾಗಿದೆ" ಅಂದರೆ ಹಾಕಿದ ದುಡ್ಡು ಬಡ್ಡಿ ಸಮೇತ ವಾಪಸು ಬಂದ ಹಾಗೆ.

ಈ ಊರಿಗೆ ಬೈಕಿನ ಹುಚ್ಚು ಹೊಸದಲ್ಲ. 1961ರಿಂದ 1996ರವರೆಗೆ ಯಾದವಗಿರಿಯ ಕಾರ್ಖಾನೆಯಲ್ಲಿ ಮೊದಲು ಜಾವಾ, ಆಮೇಲೆ ಯೆಜ್ಡಿ ತಯಾರಾದ ಊರು ಇದು. ಕಿಕ್ಕರ್ರೇ ಗೇರ್ ಲಿವರ್ ಆಗುವ ಆ ಗಾಡಿಯನ್ನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸುವ ಮೆಕ್ಯಾನಿಕ್ಕುಗಳು ಇಲ್ಲಿ ಪಳಗಿದ್ದಾರೆ. ಅಂಥ ಊರಿನಲ್ಲಿ ಹ್ಯಾಂಡಲ್ ಕೂರಿಸುವುದು ಹೇಗೆ ಎಂದು ಪತ್ರಿಕೆ ಬರೆಯಬೇಕಾಗಿ ಬಂದಿದೆಯಲ್ಲ, ಅದೇ ಸೋಜಿಗ.

ಎಲ್ಲರೂ ಷೋಕಿಗೇ ಬದಲಿಸುತ್ತಾರೆ ಎಂದರೆ ತಪ್ಪಾಗುತ್ತದೆ. ಕ್ರೂಸರ್ ಗಾಡಿ ಎಂದರೆ ಸೀಟು ತಗ್ಗು, ಕಾಲು ಮುಂದಕ್ಕೆ, ಆರಾಮ ಕುರ್ಚಿಯಲ್ಲಿ ಕೂತ ಹಾಗೆ ಓಡಿಸುವ ಬೈಕು. ಕೈ ಉದ್ದ ಇದ್ದವನಿಗೆ ಸರಿ. ಕುಳ್ಳಗಿರುವವನು ಹ್ಯಾಂಡಲ್ ಹಿಡಿಯಲು ಮುಂದಕ್ಕೆ ಬಾಗಬೇಕು. ದಿನವಿಡೀ ಅಂಗಡಿಯಲ್ಲಿ ನಿಂತು, ರಾತ್ರಿ ಅದೇ ಬೈಕಿನಲ್ಲಿ ನಂಜನಗೂಡಿಗೋ ಹುಣಸೂರಿಗೋ ಮನೆಗೆ ಹೋಗುವ ನಲವತ್ತು ದಾಟಿದ ವ್ಯಾಪಾರಿಗೆ ಬೆನ್ನು, ಭುಜ, ಮಣಿಕಟ್ಟು ಮೂರೂ ಹಿಡಿದುಕೊಳ್ಳುತ್ತವೆ. ಅಂಥವರಿಗೆ ರೈಸರ್ ಎನ್ನುವುದು ನಿಜವಾಗಿ ಉಪಕಾರಿ. ಹ್ಯಾಂಡಲಿನ ಅಡಿಗೆ ಕೂರಿಸುವ ಎರಡು ಲೋಹದ ತುಂಡುಗಳು, ಅಷ್ಟೆ. ಹ್ಯಾಂಡಲನ್ನು ಒಂದೋ ಎರಡೋ ಇಂಚು ಮೇಲಕ್ಕೆ ಎತ್ತುತ್ತವೆ, ಕೆಲವು ಸವಾರನ ಕಡೆಗೂ ಎಳೆದು ಕೊಡುತ್ತವೆ. ಬೆನ್ನು ನೆಟ್ಟಗಾಗುತ್ತದೆ. ಔಷಧಿ ಅಂಗಡಿಯ ಮುಲಾಮಿಗಿಂತ ಇದು ವಾಸಿ.

ಆದ್ದರಿಂದ ಹ್ಯಾಂಡಲ್ ಬದಲಿಸುವುದೇ ಪಾಪ ಎಂಬ ಉಪದೇಶ ಇಲ್ಲಿಲ್ಲ. 2015ರಲ್ಲಿ ಬಜಾಜ್‌ನವರೇ ಅವೆಂಜರ್ ಗಾಡಿಯನ್ನು ಕ್ರೂಸ್, ಸ್ಟ್ರೀಟ್ ಅಂತ ಎರಡು ಬಗೆಯಲ್ಲಿ ತಂದರು. ಒಂದಕ್ಕೆ ಎತ್ತರದ ಹ್ಯಾಂಡಲ್, ಇನ್ನೊಂದಕ್ಕೆ ತಗ್ಗಿನದು. ಕೆಲವು ಕಂಪನಿಗಳು ಬೇರೆ ಹ್ಯಾಂಡಲನ್ನು ಆಕ್ಸೆಸರಿ ಎಂದು ತಾವೇ ಮಾರುತ್ತವೆ. ಕಂಪನಿ ಈ ಕೆಲಸ ಮಾಡುವಾಗ ಹ್ಯಾಂಡಲಿನ ಜೊತೆಗೆ ಕೇಬಲಿನ ಉದ್ದವನ್ನೂ ಹೊಂದಿಸುತ್ತದೆ. ತಂಟೆ ಇರುವುದು ಅದನ್ನು ಹೊಂದಿಸದ ಕಡೆ.

ಹ್ಯಾಂಡಲಿಗೆ ನೇತುಬಿದ್ದಿರುವುದು ಏನೇನು ನೋಡಿ. ಬಲಗೈಯಲ್ಲಿ ಎಕ್ಸಲೇಟರ್ ಕೇಬಲ್, ಮುಂದಿನ ಬ್ರೇಕಿನ ಹೋಸ್ ಪೈಪು. ಎಡಗೈಯಲ್ಲಿ ಕ್ಲಚ್ ಕೇಬಲ್. ಎರಡೂ ಕಡೆ ಸ್ವಿಚ್ಚಿನ ವೈರು. ಇವೆಲ್ಲ ಕಂಪನಿಯ ಹ್ಯಾಂಡಲಿಗೆ ಅಳೆದು ಕತ್ತರಿಸಿದಂಥವು. ಹ್ಯಾಂಡಲ್ ನಾಲ್ಕು ಇಂಚು ಮೇಲೆ ಹೋದರೆ ಇವೂ ಹೆಚ್ಚುಕಡಿಮೆ ಅಷ್ಟೇ ಉದ್ದ ಬೇಡುತ್ತವೆ. ಒಂದು ಇಂಚಿನ ರೈಸರ್ ಆದರೆ ಹಳೇ ಕೇಬಲನ್ನೇ ದಾರಿ ಬದಲಿಸಿ ಎಳೆದುಕೊಂಡು ಸಾಮಾನ್ಯವಾಗಿ ಸುಧಾರಿಸಬಹುದು. ನಾಲ್ಕು ಇಂಚಿಗೆ ಆ ಆಟ ನಡೆಯುವುದಿಲ್ಲ.

ನಡೆಯುವುದಿಲ್ಲ ಎಂಬುದು ಗೊತ್ತಾಗುವುದು ಯಾವಾಗ? ಇದೇ ಇಡೀ ವಿಷಯದ ಗುಟ್ಟು. ಹ್ಯಾಂಡಲ್ ನೇರ ಇದ್ದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಪೂರ್ತಿ ಒಂದು ಪಕ್ಕಕ್ಕೆ ತಿರುಗಿಸಿದಾಗ ಮಾತ್ರ ಗಿಡ್ಡ ಕೇಬಲ್ ಜಗ್ಗುತ್ತದೆ. ಎಕ್ಸಲೇಟರ್ ಕೇಬಲ್ ಜಗ್ಗಿದರೆ ಕೈ ತಿರುಗಿಸದೆಯೇ ಇಂಜಿನ್ನು ರೇಸ್ ಆಗುತ್ತದೆ. ಕ್ಲಚ್ ಕೇಬಲ್ ಜಗ್ಗಿದರೆ ಕ್ಲಚ್ಚು ಅರ್ಧ ಹಿಡಿದ ಹಾಗಿದ್ದು ಪ್ಲೇಟು ಸುಡುತ್ತದೆ. ಬ್ರೇಕಿನ ಹೋಸ್ ಜಗ್ಗಿದರೆ ಆ ದಿನ ಏನೂ ಆಗದೇ ಇರಬಹುದು. ಆದರೆ ಬೋಲ್ಟಿನಿಂದ ಕಟ್ಟಿದ ಎರಡೂ ತುದಿಯಲ್ಲಿ ಅದು ದಿನಾ ಸ್ವಲ್ಪ ಸ್ವಲ್ಪ ಸವೆಯುತ್ತಿರುತ್ತದೆ.

ಹೈವೇಯಲ್ಲಿ ಯಾರೂ ಹ್ಯಾಂಡಲನ್ನು ಪೂರ್ತಿ ತಿರುಗಿಸುವುದಿಲ್ಲ. ಓಟದಲ್ಲಿ ಬೈಕು ವಾಲಿಕೊಂಡು ತಿರುಗುತ್ತದೆ, ಹ್ಯಾಂಡಲ್ ಅಲುಗುವುದು ಕೊಂಚವೇ. ಹಾಗಾಗಿ ಹೊಸ ಹ್ಯಾಂಡಲ್ ಹಾಕಿಸಿದ ಹುಡುಗ ಚಾಮುಂಡಿ ಬೆಟ್ಟ ಹತ್ತಿ ಇಳಿದು, "ಅಣ್ಣಾ, ಏನೂ ಪ್ರಾಬ್ಲಮ್ ಇಲ್ಲ, ಸೂಪರ್" ಎಂದು ಗ್ಯಾರೇಜಿಗೆ ಸರ್ಟಿಫಿಕೇಟ್ ಕೊಡುತ್ತಾನೆ. ಆ ಸರ್ಟಿಫಿಕೇಟಿಗೆ ಮೂರು ಕಾಸಿನ ಬೆಲೆ ಇಲ್ಲ. ಹ್ಯಾಂಡಲ್ ಪೂರ್ತಿ ತಿರುಗುವುದು ಎಲ್ಲಿ ಎಂದರೆ ನಡೆಯುವ ವೇಗದಲ್ಲಿ. ಅಂಗಡಿ ಮುಂದಿನ ಸಾಲಿನಿಂದ ಗಾಡಿಯನ್ನು ಈಚೆಗೆ ತೆಗೆಯುವಾಗ. ಬಸ್ ಸ್ಟ್ಯಾಂಡ್ ಎದುರು ಯು ಟರ್ನ್ ಹೊಡೆಯುವಾಗ. ಸಂತೆಯ ಬೀದಿಯಲ್ಲಿ ಗಾಡಿ ತಿರುಗಿಸಿಕೊಳ್ಳುವಾಗ.

ಅಂದರೆ ಜನ ಇರುವ ಕಡೆ! ಬೈಕು ತಾನೇ ತಾನಾಗಿ ಮುಂದಕ್ಕೆ ನೆಗೆಯುವುದಿದ್ದರೆ ಅದು ಖಾಲಿ ಹೈವೇಯಲ್ಲಿ ನೆಗೆಯುವುದಿಲ್ಲ. ಸಬರ್ಬನ್ ಬಸ್ ನಿಲ್ದಾಣದ ಮುಂದೆ ಚೀಲ ಹಿಡಿದು ರಸ್ತೆ ದಾಟುವ ಹೆಂಗಸಿನ ಎದುರು ನೆಗೆಯುತ್ತದೆ. ದೇವರಾಜ ಮಾರುಕಟ್ಟೆಯ ಹೂವಿನ ಬುಟ್ಟಿಗಳ ಮೇಲೆ ನೆಗೆಯುತ್ತದೆ. ಬೈಕಿನವರ ಗೊಡವೆ ನಮಗೇಕೆ, ನಾವು ಬಸ್ಸಿನವರು ಎನ್ನುವವರು ಇದನ್ನು ಒಂದು ಸಲ ಯೋಚಿಸಲಿ. ಗಾಬರಿಯಾದ ಸವಾರ ಬ್ರೇಕು ಒತ್ತುವ ಬದಲು ಹ್ಯಾಂಡಲನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ. ಮುಂದಿನದು ಹೇಳಬೇಕಾಗಿಲ್ಲ.

ಬೋಲ್ಟಿನ ಕತೆ ಇನ್ನೊಂದು. ರೈಸರ್ ಮಧ್ಯೆ ಸೇರಿಸಿದ ಮೇಲೆ ಹಳೇ ಬೋಲ್ಟು ಗಿಡ್ಡ ಆಗುತ್ತದೆ. ಉದ್ದದ್ದು ಹಾಕಬೇಕು, ಅದೂ ಗಟ್ಟಿ ಸ್ಟೀಲಿನದು. ಸಿಕ್ಕಿದ್ದನ್ನೇ ಹಾಕಿ ತಿರುಗಿಸಿದರೆ ಎರಡು ಮೂರು ಮರೆ ಮಾತ್ರ ಕಚ್ಚಿಕೊಂಡಿರುತ್ತದೆ. ಮೇಲಿಂದ ನೋಡಿದವರಿಗೆ ಟೈಟಾಗಿದೆ ಅಂತಲೇ ಕಾಣುತ್ತದೆ. ಮೈಸೂರಿನ ಹಂಪುಗಳ ಮೇಲೆ ಹಾರಿಸಿಕೊಂಡು ಬಂದರೆ ಆ ಎರಡು ಮೂರು ಮರೆ ಎಷ್ಟು ದಿನ ತಾಳೀತು?

ಹಿಡಿಕೆಯ ದಪ್ಪದಲ್ಲೂ ಮೋಸ ಇದೆ. ಇಲ್ಲಿನ ಬಹಳಷ್ಟು ಬೈಕಿನ ಹ್ಯಾಂಡಲ್ 22 ಮಿಲಿಮೀಟರ್ ದಪ್ಪ. ಹಾರ್ಲೆಯಂಥ ಅಮೆರಿಕನ್ ಗಾಡಿಯದು ಒಂದು ಇಂಚು, ಅಂದರೆ 25.4. ಮೂರು ಮಿಲಿಮೀಟರಿನ ಈ ವ್ಯತ್ಯಾಸವನ್ನು ತಗಡಿನ ಚೂರು ಸುತ್ತಿ ಸರಿಮಾಡುವ ಪುಣ್ಯಾತ್ಮರೂ ಉಂಟು. ತಗಡು ಜಾರಿದ ದಿನ ಹ್ಯಾಂಡಲ್ ಕೈಯಲ್ಲೇ ತಿರುಗುತ್ತದೆ. ಇನ್ನು ಸ್ವಿಚ್ಚಿನ ಡಬ್ಬಿಯ ಒಳಗೆ ಒಂದು ಸಣ್ಣ ಮೊಳೆ ಇರುತ್ತದೆ. ಹ್ಯಾಂಡಲಿನ ತೂತಿನಲ್ಲಿ ಕೂತು ಡಬ್ಬಿ ಸುತ್ತದಂತೆ ತಡೆಯುವುದು ಅದರ ಕೆಲಸ. ಹೊಸ ಹ್ಯಾಂಡಲಿನಲ್ಲಿ ತೂತು ಇಲ್ಲದಿದ್ದರೆ ಅಳತೆ ನೋಡಿ ಕೊರೆಯಬೇಕು. ಅದಕ್ಕೆ ಸೋಮಾರಿತನ. ಮೊಳೆಯನ್ನೇ ಉಜ್ಜಿ ತೆಗೆದುಬಿಟ್ಟರೆ ಐದು ನಿಮಿಷದ ಕೆಲಸ!

ಇಷ್ಟಕ್ಕೂ ಎಲ್ಲ ತಪ್ಪನ್ನೂ ಮೆಕ್ಯಾನಿಕ್ ತಲೆಗೆ ಕಟ್ಟುವುದು ನ್ಯಾಯವಲ್ಲ. ಗಿರಾಕಿ ಏನು ಕಡಿಮೆಯೇ? ಹ್ಯಾಂಡಲಿಗೆ ಕೇಳಿದಷ್ಟು ಕೊಡುತ್ತಾನೆ, ಅದು ಕಣ್ಣಿಗೆ ಕಾಣುತ್ತದೆ. ಕೇಬಲ್, ಹೋಸ್ ಎಂದ ತಕ್ಷಣ ಚೌಕಾಸಿ ಶುರು. "ಹಳೇದೇ ಅಡ್ಜಸ್ಟ್ ಮಾಡಣ್ಣ, ಆಮೇಲೆ ನೋಡೋಣ." ದಿನಾ ಚೌಕಾಸಿ ಮಾಡುವ ಗಿರಾಕಿಗಳನ್ನು ಬೈಯುವ ವ್ಯಾಪಾರಿಗಳೂ ಗ್ಯಾರೇಜಿನ ಬೆಂಚಿನ ಮೇಲೆ ಕೂತಾಗ ಅದೇ ಜಾತಿಗೆ ಸೇರುತ್ತಾರೆ. ಮೆಕ್ಯಾನಿಕ್ ಆಗುವುದಿಲ್ಲ ಎಂದರೆ ಪಕ್ಕದ ಗ್ಯಾರೇಜಿಗೆ ಹೋಗುತ್ತಾರೆ. ಅವನಿಗೂ ಹೊಟ್ಟೆ ಇದೆ, ಬಾಡಿಗೆ ಇದೆ. ಕೊನೆಗೆ ಅಡ್ಜಸ್ಟ್ ಆಗುತ್ತದೆ.

ಮುಂದಿನ ಬ್ರೇಕಿನ ವಿಷಯದಲ್ಲಿ ಈ ಅಡ್ಜಸ್ಟ್ ಮಾತು ಸಲ್ಲದು. ಹೊಸ ಹೋಸ್ ಹಾಕಿದ ಮೇಲೆ ಬ್ರೇಕ್ ಆಯಿಲ್ ತುಂಬಿ, ಒಳಗಿನ ಗಾಳಿಯೆಲ್ಲ ಹೋಗುವವರೆಗೆ ಬಿಡಿಸಬೇಕು. ಇಲ್ಲದಿದ್ದರೆ ಲಿವರ್ ಸ್ಪಂಜಿನ ಹಾಗೆ ಒತ್ತಿಕೊಳ್ಳುತ್ತದೆ, ಬ್ರೇಕು ಹಿಡಿಯುವುದಿಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲ್ಪಟ್ಟ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ. ಎಬಿಎಸ್ ಇದೆಯಲ್ಲ ಎಂದು ಎದೆ ಉಬ್ಬಿಸುವವರಿದ್ದಾರೆ. ಹೋಸೇ ಕಿತ್ತುಬಂದರೆ ಎಬಿಎಸ್ ಯಾರನ್ನು ಕಾಪಾಡೀತು?

ಕಾನೂನು ಏನು ಹೇಳುತ್ತದೆ? ಆರ್.ಸಿ.ಯಲ್ಲಿ ನಮೂದಾದ ವಿವರ ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸಕೂಡದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆಯಲ್ಲಿ 182ಎ ಬಂತು. ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆರ್.ಸಿ.ಯಲ್ಲಿ ಹ್ಯಾಂಡಲಿನ ಎತ್ತರ ಬರೆದಿರುವುದಿಲ್ಲ. ಹಾಗಾಗಿ ಒಂದಿಂಚಿನ ರೈಸರ್ ತಪ್ಪೋ ಅಲ್ಲವೋ ಎಂಬುದನ್ನು ಸರ್ಕಲಿನಲ್ಲಿ ನಿಂತ ಪೊಲೀಸಪ್ಪನ ಮರ್ಜಿಯೇ ತೀರ್ಮಾನಿಸುವ ಹಾಗಾಗಿದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಇಷ್ಟು ಇಂಚು, ಅಥವಾ ಸವಾರನ ಭುಜದ ಮಟ್ಟ ಎಂದು ಹ್ಯಾಂಡಲಿಗೆ ಅಳತೆ ಬರೆದಿಟ್ಟಿದ್ದಾರೆ. ಕೋತಿ ಕೊಂಬೆಗೆ ನೇತಾಡಿದ ಹಾಗೆ ಕಾಣುವ ಉದ್ದ ಹ್ಯಾಂಡಲಿನ ಷೋಕಿ ಬೆಳೆದದ್ದು ಅಲ್ಲೇ, ಅಳತೆ ಗೊತ್ತುಮಾಡಿದವರೂ ಅವರೇ. ಇಲ್ಲಿ ಷೋಕಿ ಬಂತು, ಅಳತೆ ಬರಲಿಲ್ಲ.

ಟ್ರಾಫಿಕ್ ಪೊಲೀಸರು ಹಿಡಿಯುವುದು ಕಿವಿಗೆ ಕೇಳುವ ಸೈಲೆನ್ಸರನ್ನು, ಕಣ್ಣಿಗೆ ಕಾಣುವ ಉದ್ದ ಹ್ಯಾಂಡಲನ್ನು. ಸೈಲೆನ್ಸರ್ ಹಿಡಿಯಲಿ, ಬಹಳ ಸಂತೋಷ. ಹ್ಯಾಂಡಲ್ ವಿಚಾರಕ್ಕೆ ಕಣ್ಣು ಸಾಲದು. ನೋಡಲು ಸಾಧುವಾದ ಎರಡಿಂಚಿನ ರೈಸರಿನ ಕೆಳಗೆ ಕೇಬಲ್ ಕಿತ್ತುಹೋಗುವಷ್ಟು ಬಿಗಿದಿರಬಹುದು. ಭೂತದ ಹಾಗೆ ಕಾಣುವ ಎತ್ತರದ ಹ್ಯಾಂಡಲಿಗೆ ಹೊಸ ಕೇಬಲ್, ಹೊಸ ಹೋಸ್ ಎಲ್ಲವನ್ನೂ ಲೆಕ್ಕಾಚಾರವಾಗಿ ಹಾಕಿರಬಹುದು. ಮೊದಲಿನವನು ಸಲೀಸಾಗಿ ಹೋಗುತ್ತಾನೆ, ಎರಡನೆಯವನು ದಂಡ ಕಟ್ಟುತ್ತಾನೆ. ರಸೀದಿ ಪುಸ್ತಕ ತೆಗೆಯುವ ಮುಂಚೆ ಬೈಕಿನ ಹ್ಯಾಂಡಲ್ ಹಿಡಿದು ಎರಡೂ ಕಡೆ ತಿರುಗಿಸಿ ನೋಡಲು ಅರ್ಧ ನಿಮಿಷ ಸಾಕು. ಆರ್.ಟಿ.ಓ. ಇನ್‌ಸ್ಪೆಕ್ಟರುಗಳು ಇದನ್ನು ತಪಾಸಣೆಯ ಭಾಗ ಮಾಡಿಕೊಂಡರೆ ಯಾವ ಹೊಸ ಕಾನೂನೂ ಬೇಕಾಗಿಲ್ಲ. ಸಂಬಂಧಪಟ್ಟವರು ಇತ್ತ ಗಮನ ಹರಿಸಬೇಕು ಎಂದು ಬರೆದು ಬರೆದು ಪತ್ರಿಕೆಗಳ ಮಸಿ ಒಣಗಿದೆ. ಆದರೂ ಬರೆಯುವುದು ಬರೆಯಲೇಬೇಕು.

ಗ್ಯಾರೇಜು ನಡೆಸುವವರು ಪೊಲೀಸರಿಗೆ ಕಾಯಬೇಕಾದ್ದಿಲ್ಲ. ಅವರು ತಮ್ಮತಮ್ಮಲ್ಲೇ ಒಂದು ಮಾತು ಮಾಡಿಕೊಳ್ಳಬಹುದು. ಹ್ಯಾಂಡಲ್ ಬದಲಿಸಿದ ಗಾಡಿಯನ್ನು ಗಿರಾಕಿಯ ಕಣ್ಣೆದುರೇ ಪರೀಕ್ಷೆ ಮಾಡಿ ತೋರಿಸದೆ ಕೀ ಕೊಡುವುದಿಲ್ಲ ಎಂದು. ಒಬ್ಬನೇ ಹೇಳಿದರೆ ಗಿರಾಕಿ ಪಕ್ಕದವನ ಹತ್ತಿರ ಹೋಗುತ್ತಾನೆ. ಬೀದಿಯವರೆಲ್ಲ ಹೇಳಿದರೆ ಎಲ್ಲಿಗೆ ಹೋದಾನು? ದಸರಾಗೆ ಆಯುಧಪೂಜೆ ಮಾಡಿ ಸ್ಪಾನರಿಗೆ ಕುಂಕುಮ ಇಡುವ ಕೈಗಳಿಗೆ ಇದು ಭಾರವಾದ ಮಾತಲ್ಲ.

ಈಗಾಗಲೇ ಹ್ಯಾಂಡಲ್ ಬದಲಿಸಿಕೊಂಡಿರುವವರು ಇವತ್ತು ರಾತ್ರಿ ಅಂಗಡಿ ಬಾಗಿಲು ಎಳೆದ ಮೇಲೆ ಮಾಡಬೇಕಾದ್ದು ಇಷ್ಟು. ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿ, ಎಕ್ಸಲೇಟರಿನಿಂದ ಕೈ ತೆಗೆಯಿರಿ. ಇಂಜಿನ್ನು ಸಮವಾಗಿ ಓಡುತ್ತಿರಲಿ. ಹ್ಯಾಂಡಲನ್ನು ನಿಧಾನವಾಗಿ ಎಡಕ್ಕೆ ಕೊನೆಯವರೆಗೆ, ಆಮೇಲೆ ಬಲಕ್ಕೆ ಕೊನೆಯವರೆಗೆ ತಿರುಗಿಸಿ. ಎರಡೂ ತುದಿಯಲ್ಲಿ ಬ್ರೇಕಿನ ಹೋಸ್ ಸಡಿಲವಾಗಿದೆಯೇ, ಕ್ಲಚ್ ಲಿವರಿನಲ್ಲಿ ಸ್ವಲ್ಪ ಆಟ ಉಳಿದಿದೆಯೇ, ಹೆಬ್ಬೆರಳು ಟ್ಯಾಂಕಿಗೂ ಹ್ಯಾಂಡಲಿಗೂ ನಡುವೆ ಸಿಕ್ಕಿಕೊಳ್ಳುತ್ತದೆಯೇ ನೋಡಿ. ಇಂಜಿನ್ನಿನ ಸದ್ದು ಯಾವುದೇ ಕಡೆ ಒಂಚೂರು ಏರಿದರೂ ಕೀ ತೆಗೆದು ಜೇಬಿಗೆ ಹಾಕಿಕೊಂಡು ಮನೆಗೆ ಬಸ್ ಹತ್ತಿ. ಕೇಬಲ್ ಅಂಗಡಿ ಬೆಳಿಗ್ಗೆ ತೆರೆಯುತ್ತದೆ.