ಅನುಭವವೊಂದೇ ರಕ್ಷಾಕವಚವಲ್ಲ

ಪೊಲೀಸ್ ಹುದ್ದೆಯ ಕನಸು ಹೊತ್ತು ಬೆಳಗಿನ ಜಾವವೇ ಮೈದಾನದಲ್ಲಿ 1,600 ಮೀಟರ್ ಓಡುವ ಗೆಳೆಯರು ನಮ್ಮ ನಡುವೆ ಅನೇಕರಿದ್ದಾರೆ. ‘ಮೊದಲ ಎರಡು ವರ್ಷ ಹುಷಾರಾಗಿದ್ದರೆ ಸಾಕು, ಆಮೇಲೆ ಎಲ್ಲ ರೂಢಿಯಾಗುತ್ತೆ’ ಎಂದು ಮನೆಯವರು ಅವರಿಗೆ ಧೈರ್ಯ ಹೇಳುತ್ತಾರೆ. ಆದರೆ ರೂಢಿಯೇ ಅಪಾಯ ತಂದರೆ?

ಕರ್ತವ್ಯದ ವೇಳೆ ಹತ್ಯೆಯಾದ ಪೊಲೀಸರ ವಯಸ್ಸು ಮತ್ತು ಸೇವಾವಧಿಯನ್ನು ಅಮೆರಿಕದ ಎಫ್‌ಬಿಐ ಪ್ರಕಟಿಸುತ್ತದೆ. 2019ರಲ್ಲಿ ಅಲ್ಲಿ ದುಷ್ಕರ್ಮಿಗಳಿಗೆ ಬಲಿಯಾದವರು 48 ಮಂದಿ. ಅವರ ಸರಾಸರಿ ವಯಸ್ಸು 40, ಸೇವೆ 13 ವರ್ಷ. ಅಂದರೆ ಬಹುಪಾಲು ನಿನ್ನೆ ಮೊನ್ನೆ ಸೇರಿದವರಲ್ಲ. ಇಷ್ಟರಿಂದಲೇ ಹಿರಿಯರಿಗೆ ಅಪಾಯ ಹೆಚ್ಚು ಎನ್ನಲಾಗದು. ಪಡೆಯಲ್ಲಿ ಯಾವ ವಯಸ್ಸಿನವರು ಎಷ್ಟಿದ್ದಾರೆ, ಬೀದಿಯ ಕೆಲಸದಲ್ಲಿ ಯಾರಿದ್ದಾರೆ ಎಂಬುದನ್ನೂ ನೋಡಬೇಕು. ಆದರೂ ಅನುಭವವಿದ್ದರೆ ಸಾಕು ಎಂಬ ನಂಬಿಕೆ ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ.

ಎಫ್‌ಬಿಐ 1992ರಲ್ಲಿ ಹೊರತಂದ ಅಧ್ಯಯನವೊಂದು 54 ಪೊಲೀಸರ ಹತ್ಯೆಗಳನ್ನು ಪರಿಶೀಲಿಸಿ, 50 ಹಂತಕರನ್ನೇ ಮಾತನಾಡಿಸಿತ್ತು. ಮಡಿದವರಲ್ಲಿ ಹಲವರು ಸ್ನೇಹಜೀವಿಗಳು, ಶ್ರಮಜೀವಿಗಳು, ಬಲಪ್ರಯೋಗಕ್ಕೆ ಹಿಂಜರಿಯುವವರು. ಎದುರಿಗಿರುವವನನ್ನು ನೋಡಿದೊಡನೆ ಅಳೆಯಬಲ್ಲೆ ಎಂದು ನಂಬಿ ಎಚ್ಚರ ಸಡಿಲಿಸಿದವರು, ಹೆಚ್ಚುವರಿ ಸಿಬ್ಬಂದಿ ಬರುವವರೆಗೆ ಕಾಯದವರೂ ಅವರಲ್ಲಿದ್ದರು. ಇದು ಸತ್ತವರ ಮೇಲಿನ ದೂರಲ್ಲ, ಹೊಣೆ ಹಂತಕನದ್ದೇ. ಆದರೆ ಸಾವಿರ ವಾಹನ ತಪಾಸಣೆ ಮಾಡಿದರೂ ಏನೂ ಆಗದಿದ್ದಾಗ, ಮುಂದಿನದರಲ್ಲೂ ಏನೂ ಆಗದು ಎಂದು ಮನಸ್ಸು ನಂಬಿಬಿಡುತ್ತದೆ. ಹೊಸಬನಿಗೆ ಭಯವಾದರೂ ಕಾವಲಿರುತ್ತದೆ. ಅನುಭವಿಗೆ ಅದೂ ಇಲ್ಲ.

ಇದು ದೂರದ ಅಮೆರಿಕದ ಮಾತಷ್ಟೇ ಅಲ್ಲ. 2015ರಲ್ಲಿ ನೆಲಮಂಗಲದಲ್ಲಿ ಬೈಕ್ ಕಳ್ಳರನ್ನು ಹಿಡಿಯಲು ಹೋದ ಪಿಎಸ್‌ಐ ಜಗದೀಶ್ ಇರಿತಕ್ಕೆ ಬಲಿಯಾದರು. ಬೈಕ್ ಕಳ್ಳತನ ಠಾಣೆಗಳಿಗೆ ದಿನನಿತ್ಯದ ಪ್ರಕರಣ. ಅಂಥ ಕೆಲಸದಲ್ಲೂ ಜೀವ ಹೋಗಬಹುದು.

ಪ್ರತಿ ಅಕ್ಟೋಬರ್ 21ರಂದು ಹುತಾತ್ಮ ಪೊಲೀಸರಿಗೆ ಗೌರವ ಸಲ್ಲಿಸುತ್ತೇವೆ. ಅದರ ಜೊತೆಗೆ, ನೇಮಕವಾದಾಗಿನ ತರಬೇತಿಗೇ ನಿಲ್ಲದೆ ಹದಿನೈದು ವರ್ಷ ಸೇವೆ ಸಲ್ಲಿಸಿದವರಿಗೂ ಮತ್ತೆ ಮತ್ತೆ ತರಬೇತಿ ಸಿಗಲಿ. ಒಬ್ಬರನ್ನೇ ಕಳುಹಿಸದಷ್ಟು ಸಿಬ್ಬಂದಿ ಠಾಣೆಗಳಲ್ಲಿರಲಿ. ಖಾಕಿ ತೊಡಲು ಹೊರಟ ಗೆಳೆಯರೇ, ಓಟದ ಜೊತೆಗೆ ಕಾಯುವುದನ್ನೂ ಕಲಿಯಿರಿ. ಜೊತೆಗಾರ ಬರುವವರೆಗೆ ನಿಲ್ಲುವುದು ಹೇಡಿತನವಲ್ಲ.