ನಮ್ಮ ಮಾತ್ರೆ, ಅದರ ಮೈ

ನಾಯಿಯ ಹೊಟ್ಟೆ ಮುಟ್ಟಿ ‘ಅಯ್ಯೋ, ಕೆಂಡದಂಗೆ ಸುಡ್ತಾ ಇದೆ’ ಎಂದು ಗಾಬರಿಯಾಗುವವರು ಎಲ್ಲ ಬೀದಿಗಳಲ್ಲೂ ಇದ್ದಾರೆ. ನಾಯಿಯ ಮೈ ಇರುವುದೇ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಬೆಕ್ಕಿನದೂ ಹೆಚ್ಚುಕಡಿಮೆ ಅಷ್ಟೇ. ನಾವು ಕಂಬಳಿ ಹೊದ್ದು ಮಲಗುವ ಜ್ವರ ಅವಕ್ಕೆ ಆರೋಗ್ಯ. ಮೂಗು ಒಣಗಿದರೆ ಕಾಯಿಲೆ ಎಂಬ ನಂಬಿಕೆಯೂ ಹಾಗೆಯೇ. ನಿದ್ದೆಯಿಂದ ಎದ್ದ ನಾಯಿಯ ಮೂಗು ಒಣಗಿರುವುದು ಸಹಜ. ಗಾಬರಿ ಇಷ್ಟಕ್ಕೇ ನಿಂತರೆ ತೊಂದರೆಯಿಲ್ಲ. ಆದರೆ ಕೈ ಮುಂದೆ ಹೋಗುವುದು ಮನೆಯ ಮಾತ್ರೆ ಡಬ್ಬಿಗೆ.

ಸಾಕುಪ್ರಾಣಿ ಇರುವ ಮನೆಯಲ್ಲಿ ಆ ಡಬ್ಬಿಯಷ್ಟು ಅಪಾಯದ ವಸ್ತು ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ನಾವು ನೆಗಡಿಗೂ ನುಂಗುವ ಪ್ಯಾರಾಸಿಟಮಾಲ್ ಒಂದೇ ಒಂದು ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ಅದನ್ನು ಕರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆ. ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಹೋಗಿ ವಸಡು ಕಂದುಗಟ್ಟುತ್ತದೆ, ಮುಖ ಮತ್ತು ಪಾದ ಊದಿಕೊಳ್ಳುತ್ತವೆ. ‘ಮಗುವಿನ ಸಿರಪ್ ತಾನೇ’ ಎಂದು ನಾಲ್ಕು ಹನಿ ಹಾಕಿದರೂ ವಿಷ ವಿಷವೇ. ನೋವಿಗೆಂದು ಕೊಡುವ ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ನಾಯಿಯ ಔಷಧ ಬೆಕ್ಕಿಗಾದೀತು ಎಂಬ ಲೆಕ್ಕವೂ ಬೇಡ. ನಾಯಿಯ ಉಣ್ಣೆಗೆಂದು ಬೆನ್ನಿಗೆ ಹಾಕುವ ಹನಿಗಳಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ನಡುಕ, ಫಿಟ್ಸ್ ಬರುತ್ತದೆ.

ಊಟದ ವಿಷಯಕ್ಕೆ ಬಂದರೆ, ಬೆಕ್ಕಿಗೆ ಹಾಲು-ಅನ್ನ ಹಾಕಿ ನಾವು ಕೃತಾರ್ಥರಾಗುತ್ತೇವೆ. ಬಲಿತ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದೇ ಇಲ್ಲ, ಭೇದಿಯಾಗುತ್ತದೆ. ಅದಕ್ಕೆ ಬೇಕಾದ ಟಾರಿನ್ ಎಂಬ ಅಂಶ ಸಿಗುವುದು ಮಾಂಸ, ಮೀನಿನಲ್ಲಿ. ಅದು ವರ್ಷಗಟ್ಟಲೆ ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಸಸ್ಯಾಹಾರ ನಿಮ್ಮ ವ್ರತ, ಬೆಕ್ಕಿನದಲ್ಲ. ಇನ್ನು ‘ಲಂಘನಂ ಪರಮೌಷಧಂ’ ಎಂದು ಊಟ ಬಿಟ್ಟ ಬೆಕ್ಕನ್ನು ಸುಮ್ಮನೆ ಬಿಡುವುದು ಇನ್ನೂ ಕೆಟ್ಟದ್ದು. ಅದರಲ್ಲೂ ದಪ್ಪ ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಸಂಚಕಾರ.

ಗಂಡು ಬೆಕ್ಕು ಮತ್ತೆ ಮತ್ತೆ ಮೂಲೆಗೆ ಹೋಗಿ ಕೂತು ತಿಣುಕುತ್ತಿದ್ದರೆ ಮಲಬದ್ಧತೆ ಎಂದು ಹರಳೆಣ್ಣೆ ಕುಡಿಸುವವರಿದ್ದಾರೆ. ಎಷ್ಟೋ ಸಲ ಕಟ್ಟಿರುವುದು ಮಲವಲ್ಲ, ಮೂತ್ರ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು. ಮರಳಿನಂಥ ಹರಳು, ಲೋಳೆ ಸಾಕು ಅದನ್ನು ಮುಚ್ಚಲು. ಆಗ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲಿ ಹೃದಯ ನಿಂತುಬಿಡುತ್ತದೆ. ಇದಕ್ಕೆ ‘ನಾಳೆ ಬೆಳಿಗ್ಗೆ ನೋಡೋಣ’ ಎಂಬುದು ನಡೆಯುವುದಿಲ್ಲ. ರಾತ್ರಿಯಾದರೆ ರಾತ್ರಿಯೇ ವೈದ್ಯರ ಬಾಗಿಲು ತಟ್ಟಬೇಕು.

ನಮ್ಮೂರ ನಾಯಿಗಳ ದೊಡ್ಡ ಶತ್ರು ಮಾತ್ರ ಉಣ್ಣೆ. ಮಲೆನಾಡಿನವರು ಉಣುಗು ಎನ್ನುತ್ತಾರೆ. ಸಂಜೆ ನಾಯಿಯನ್ನು ಪಕ್ಕಕ್ಕೆ ಮಲಗಿಸಿಕೊಂಡು ಕಿವಿಯ ಒಳಮಡಿಕೆ, ಕತ್ತುಪಟ್ಟಿಯ ಅಡಿ, ಕಾಲ್ಬೆರಳ ಸಂದು ಬಿಡಿಸಿ ನೋಡಿ. ರಕ್ತ ಕುಡಿದು ಊದಿದ ಬೂದು ಗುಂಡು ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರವಾಗಿ ಎಳೆಯಿರಿ. ಉಗುರಲ್ಲಿ ಕುಕ್ಕಬೇಡಿ, ಸೀಮೆಎಣ್ಣೆ ಸುರಿಯಬೇಡಿ. ಅದು ಹೊಟ್ಟೆ ತುಂಬಿದ ಮೇಲೆ ತಾನೇ ಉದುರಿ ಗೋಡೆಯ ಬಿರುಕಿನಲ್ಲಿ, ಮಂಚದ ಅಡಿಯಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಹಾಗಾಗಿ ನಾಯಿಗೆ ಮಾತ್ರ ಔಷಧ ಹಾಕಿ ಗೂಡನ್ನು ಬಿಟ್ಟರೆ ಪ್ರಯೋಜನವಿಲ್ಲ. ಉಣ್ಣೆ ಕಚ್ಚಿದಾಗ ದಾಟುವ ಎರ್ಲಿಕಿಯಾ ಜ್ವರದಲ್ಲಿ ನಾಯಿ ಮಂಕಾಗುತ್ತದೆ, ಊಟ ಬಿಡುತ್ತದೆ, ಪ್ಲೇಟ್‌ಲೆಟ್ ಇಳಿದು ಮೂಗಿನಿಂದ ರಕ್ತ ಬರುವುದೂ ಉಂಟು. ಬೇಬಿಸಿಯಾ ಆದರೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಬಹುದು. ತುಟಿ ಎತ್ತಿ ವಸಡಿನ ಮೇಲೆ ಹೆಬ್ಬೆರಳು ಒತ್ತಿ ಬಿಡಿ: ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಗುಲಾಬಿಯಾಗಬೇಕು. ವಸಡೇ ಸುಣ್ಣದಂತೆ ಬಿಳಿಯಿದ್ದರೆ ತಕ್ಷಣ ರಕ್ತ ಪರೀಕ್ಷೆ ಮಾಡಿಸಿ. ಎರ್ಲಿಕಿಯಾಕ್ಕೆ ವೈದ್ಯರು ಕೊಡುವ ಮಾತ್ರೆ ಸುಮಾರು ನಾಲ್ಕು ವಾರದ್ದು. ನಾಲ್ಕನೇ ದಿನ ಬಾಲ ಅಲ್ಲಾಡಿಸಿತೆಂದು ನಿಲ್ಲಿಸಬೇಡಿ.

ಮರಿ ತಂದವರಿಗೆ ಒಂದು ಮಾತು. ವಾಂತಿ, ರಕ್ತದ ಭೇದಿಯ ಪಾರ್ವೊ ರೋಗಕ್ಕೆ ವೈರಸ್ ಕೊಲ್ಲುವ ಮದ್ದಿಲ್ಲ, ಡ್ರಿಪ್ ಹಾಕಿ ಕಾಯಬೇಕಷ್ಟೇ. ತಡೆಯುವ ಲಸಿಕೆ ಇದೆ. ಆರೆಂಟು ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಹಾಕಿಸಬೇಕು. ಒಂದು ಚುಚ್ಚಿಸಿ ಪಾರ್ಕಿಗೆ ಕರೆದೊಯ್ಯುವುದೇ ನಮ್ಮಲ್ಲಿ ಹೆಚ್ಚು. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ.

ರೇಬೀಸ್ ಒಂದರಲ್ಲಿ ಮಾತ್ರ ಅದರ ಮೈಗೂ ನಮ್ಮ ಮೈಗೂ ಭೇದವಿಲ್ಲ: ಲಕ್ಷಣ ಕಂಡ ಮೇಲೆ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ಗಾಯ ತೊಳೆದು ಆಸ್ಪತ್ರೆಗೆ ಓಡಿ. ಅರಿಸಿನ, ಸುಣ್ಣ ಮೆತ್ತಬೇಡಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಅದರ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರ ನಡೆಯುವುದುಂಟು. ಆ ದಿನಕ್ಕೇ ಕಾಯಬೇಕೆಂದಿಲ್ಲ. ಮೂರು ತಿಂಗಳು ತುಂಬಿದ ನಾಯಿ, ಬೆಕ್ಕು ನಿಮ್ಮ ಮನೆಯಲ್ಲಿದ್ದು ಈ ಲಸಿಕೆ ಇನ್ನೂ ಆಗಿಲ್ಲವಾದರೆ ಈ ವಾರವೇ ಹಾಕಿಸಿ. ದಿನಾ ಅನ್ನ ಹಾಕುವ ಬೀದಿಯ ನಾಯಿಯನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಿ.